ಪಾಳಿಯ ವಹಿ

ಏಳನೇ ಇಯತ್ತೆಯ ಗಣಿತದ ವಹಿ, ಚೌಕಳಿ ಹಾಳೆ.
ಮೊದಲ ಹನ್ನೊಂದು ಪುಟ ಲಸಾಅ, ಮಸಾಅ.
ಹನ್ನೆರಡರಿಂದ ನೀರು.

ಆ ಜನವರಿ ಮುನಸಿಪಾಲ್ಟಿಯ ಕನ್ನಡ ಶಾಲೆಗೆ ಬೀಗ.
ತೊಂಬತ್ತು ಫುಟ್ ರಸ್ತೆಯಲ್ಲಿ ಕರ್ಫ್ಯೂ,
ಅದರ ಹಿಂದೆ ನಮ್ಮ ಗಲ್ಲಿ,
ಗಲ್ಲಿಗೆ ಅಡ್ಡ ಸುಟ್ಟ ಕೈಗಾಡಿ,
ಗಾಡಿಯ ಪಕ್ಕ ನಳ. ಒಂದೇ ನಳ.
ಆಚೆ ಹತ್ತೊಂಬತ್ತು ಮನೆ, ಈಚೆ ಇಪ್ಪತ್ತೆರಡು.
ನಸುಕಿನ ನಾಲ್ಕು ಹತ್ತಕ್ಕೆ ಬಂದು ಐದಕ್ಕೆ ಹೋಗುತ್ತಿತ್ತು ನೀರು,
ಕರ್ಫ್ಯೂ ಪಾಸು ಇಲ್ಲದೆ.

ಮೂರನೇ ದಿನ ಯಾರೋ ಪೈಪು ಕೊಯ್ದರು.
ಯಾರೆಂದು ಎರಡೂ ಕಡೆ ಖಾತ್ರಿಯಾಗಿ ಗೊತ್ತಿತ್ತು,
ಹೆಸರು ಮಾತ್ರ ಬೇರೆ ಬೇರೆ.
ಇಲ್ಯಾಸ್ ಮಿಸ್ತ್ರಿಯ ಹತ್ತಿರ ಸಾಕೆಟ್ಟು ಇತ್ತು,
ಮರೆಗೆ ಸುತ್ತಲು ನಾರು ಇರಲಿಲ್ಲ.
ತಾರಾಮತಿ ಘಾಡ್ಗೆ ತನ್ನ ಜಡೆಯ ಚೌರಿ ಬಿಚ್ಚಿ
ಗಾಡಿಯ ಆಚೆ ಎಸೆದಳು.
ಕೊಡಲಿಲ್ಲ, ಎಸೆದಳು.
ಕೀಲು ಅಷ್ಟಕ್ಕೇ ಕೂತಿತು.

ಮನೆಗೆ ಎರಡು ಹಂಡೆ ಎಂದಾಯಿತು.
ಬರೆದಿಡುವವರು ಯಾರು?
ಮರಾಠಿಯಲ್ಲಾದರೆ ಆಚೆಯವರು ನಂಬರು,
ಉರ್ದುವಿನಲ್ಲಾದರೆ ಈಚೆಯವರು.
ಗುಲ್ಜಾರ್‌ಬೀ ನನ್ನ ಕಡೆ ಗದ್ದ ಎತ್ತಿದಳು:
ಈ ಆಳಂದದ ಹುಡುಗಿ ಬರೀಲಿ.
ಅವಳ ಜಿಲೇಬಿ ಅಕ್ಷರ
ನಮಗೂ ಬಾರದು, ನಿಮಗೂ ಬಾರದು.

ಹೀಗೆ ಯಾರೂ ಓದಲಾರದ ಭಾಷೆಗೆ
ಒಂದು ನೌಕರಿ ಸಿಕ್ಕಿತು.
ಅವ್ವ ಒಂದೇ ಷರತ್ತು ಹಾಕಿದಳು ನನಗೆ:
ಬರೆಯುವವರ ಮನೆಯ ಪಾಳಿ ಕಟ್ಟಕಡೆಗೆ.
ನಮ್ಮ ಹಂಡೆ ಬರುವಷ್ಟರಲ್ಲಿ
ನೀರು ಹೊಲಿಗೆಯ ದಾರದಷ್ಟು.

ದೀಪ ಹಚ್ಚುವಂತಿರಲಿಲ್ಲ. ಕತ್ತಲಲ್ಲಿ ಸದ್ದು ಕೇಳಿ ಎಣಿಸುತ್ತಿದ್ದೆ,
ಹಂಡೆ ತುಂಬುತ್ತ ಬಂದಂತೆ ದನಿ ಸಣ್ಣಗಾಗುತ್ತದೆ.
ಬೆಳಗಾದ ಮೇಲೆ ಗಾಡಿಯ ಹತ್ತಿರ ನಿಂತು ಎರಡೂ ಕಡೆಗೆ
ಗಟ್ಟಿಯಾಗಿ ಓದುವುದು ನನ್ನ ಕೆಲಸ,
ಒಮ್ಮೆ ದೋನ್ ಎಂದು, ಒಮ್ಮೆ ದೋ ಎಂದು.

ಗುಲ್ಜಾರ್‌ಬೀಯ ಸೊಸೆ ಹೆತ್ತ ರಾತ್ರಿ
ಅವರು ನಾಲ್ಕು ತುಂಬಿಕೊಂಡರು.
ನಾಲ್ಕೆಂದೇ ಬರೆದೆ.
ಎರಡೆಂದು ಓದಿದೆ.
ತಾರಾಮತಿ ಹತ್ತಿರ ಬಂದಳು, ವಹಿಯೊಳಗೆ ಬಗ್ಗಿದಳು,
ಸಾಲಿನ ಮೇಲೆ ಬೆರಳಾಡಿಸಿ
ನನ್ನ ೪ರ ಮೇಲೆ ನಿಲ್ಲಿಸಿದಳು.
ಆಗಲೇ ಹೊಳೆದದ್ದು ನನಗೆ:
ಮರಾಠಿಯ ನಾಲ್ಕಿಗೂ ಇದೇ ಗಂಟು, ಇದೇ ಎರಡು ಕೋಡು.
ಅಕ್ಷರ ಬಾರದಿದ್ದರೇನು, ಅಂಕಿ ಬರುತ್ತಿತ್ತು ಅವಳಿಗೆ,
ಮೊದಲ ದಿನದಿಂದಲೂ.
ಬೆರಳು ತೆಗೆಯದೆ
ತನ್ನ ಕಡೆಯವರತ್ತ ತಿರುಗಿ ಹೇಳಿದಳು:
ದೋನ್. ಬರೋಬರ್ ಆಹೇ.

ಅವಳ ತಮ್ಮನ ಅಂಗಡಿ ಆ ವಾರವೇ ಸುಟ್ಟಿತ್ತು.
ಯಾಕೆ ಹಾಗೆಂದಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ.
ಈಗ ಕೇಳೋಣವೆಂದರೆ ಅವಳಿಲ್ಲ.

ಇನ್ನೊಂದು ಪುಟ. ಫೆಬ್ರುವರಿ, ಮಂಗಳವಾರ.
ಒಂದೇ ಸಾಲು: ನೀರು ಬರಲಿಲ್ಲ.
ನಾಲ್ಕು ಹತ್ತಾಯಿತು, ಐದಾಯಿತು,
ಖಾಡಿಯ ವಾಸನೆಯ ಜೊತೆ ಬೆಳಕೂ ಬಂತು.
ನಳ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಯಾರೂ ಎದ್ದು ಹೋಗಲಿಲ್ಲ. ಮಾತೂ ಆಡಲಿಲ್ಲ.
ಆಗ ನಮ್ಮ ತಾಮ್ರದ ಹಂಡೆ, ಯಾರ ಕಾಲು ತಾಗಿತೋ,
ದಡದಡ ಉರುಳಿತು.
ಆ ಸದ್ದಿಗೆ ಗಲ್ಲಿಗೆ ಗಲ್ಲಿಯೇ ಬೆಚ್ಚಿ ಎದ್ದಿತು,
ಕೈಗಳು ತಾವಾಗಿ ಕಲ್ಲು ಹುಡುಕಿದವು.
ಹಂಡೆ ಗಾಡಿಯ ಕೆಳಗೆ ನುಸಿದು ಆಚೆ ಹೋಗಿ ನಿಂತಿತು.

ಒಬ್ಬ ಹುಡುಗ ಎತ್ತಿಕೊಂಡ. ಕಂಠದ ಮೇಲೆ
ಅವ್ವನ ತವರಿನವರು ಕೊರೆಸಿದ ಹೆಸರನ್ನು
ಅತ್ತಿತ್ತ ತಿರುಗಿಸಿ ನೋಡಿದ, ಓದಲಾಗಲಿಲ್ಲ.
ಕಿಸ್ಕಾ ಹೈ? ಎಂದ.
ಯಾವ ಭಾಷೆಯಲ್ಲಿ ನಮ್ಮದು ಎನ್ನುವುದೆಂದು ತಿಳಿಯದೆ
ಕೈ ಎತ್ತಿದೆ.
ಗಾಡಿಯ ಕೆಳಗಿಂದಲೇ ಮರಳಿ ಉರುಳಿಸಿದ,
ಈ ಸಲ ಮೆಲ್ಲಗೆ.

ಇದನ್ನು ವಹಿಯಲ್ಲಿ ಬರೆದಿಲ್ಲ.
ಖಾಲಿ ಹಂಡೆ, ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ.
ಆಗ ನನಗೆ ಹದಿಮೂರು.